ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಎತ್ತಿಗೆ ಜ್ವರ ಬಂದಾಗ ಎಮ್ಮೆಗೆ ಬರೆ ಎಳೆದ ಮಹಾನುಭಾವನನ್ನು ಕನ್ನಡಿಗರೆಲ್ಲರೂ ಬಲ್ಲರು. ಆ ಗಾದೆ ಹುಟ್ಟಿದ ಕಾಲದಲ್ಲಿ ಗಾಡಿಯನ್ನು ಎಳೆಯುತ್ತಿದ್ದುದು ಎತ್ತು. ಈಗ ಅದರ ಸ್ಥಾನದಲ್ಲಿ ಇನ್ನೂರಕ್ಕೂ ಮೀರಿದ ಅಶ್ವಶಕ್ತಿಯ ಎಂಜಿನ್ನು ಬಂದು ಕುಳಿತಿದೆ. ವಾಹನ ಬದಲಾಯಿತು, ಬರೆ ಎಳೆಯುವ ಅಭ್ಯಾಸ ಮಾತ್ರ ಬದಲಾಗಲಿಲ್ಲ. ಕಾರು ಗುಂಯ್‌ಗುಟ್ಟಿತೇ? ಟೈರು ಬದಲಾಯಿಸಿ. ಟಕಟಕ ಎಂದಿತೇ? ಶಾಕ್ ಅಬ್ಸಾರ್ಬರ್ ಬದಲಾಯಿಸಿ. ಮರುದಿನವೂ ಅದೇ ಸದ್ದು ಕೇಳಿಸಿದರೆ, ಪಾಪ, ಇನ್ನೊಂದು ಎಮ್ಮೆಯನ್ನು ಹುಡುಕಿ!

ವೇಗಕ್ಕೆಂದೇ ನಿರ್ಮಿಸಿದ ಕಾರುಗಳಲ್ಲಿ ಚಕ್ರದ ಕಡೆಯಿಂದ ಏಳುವ ಸದ್ದು, ಅದರ ಮೂಲವನ್ನು ಪತ್ತೆಹಚ್ಚುವ ಬಗೆ, ಇವು ಈ ವಾರದ ವಿಷಯ. ಇದು ಶ್ರೀಮಂತರ ಚಿಂತೆ, ನಮಗೇಕೆ ಎಂದು ವಾಚಕರು ಪುಟ ಮಗುಚಬಾರದು. ಇಂಥ ಕಾರುಗಳು ಐದಾರು ವರ್ಷ ಓಡಿದ ಮೇಲೆ ಸಾಧಾರಣ ಹೊಸ ಕಾರಿನ ಬೆಲೆಗೇ ಕೈ ಬದಲಾಯಿಸುತ್ತವೆ. ತಾರುಣ್ಯದ ಆಸೆಯನ್ನು ಎದೆಯಲ್ಲೇ ಹುದುಗಿಸಿಕೊಂಡಿದ್ದ ಮಧ್ಯವಯಸ್ಸಿನ ಗೃಹಸ್ಥರ ಮನೆಯ ಮುಂದೆ ಬಂದು ನಿಲ್ಲುತ್ತವೆ. ಮೇಲಾಗಿ, ಇಲ್ಲಿ ಹೇಳಲಿರುವ ಪರೀಕ್ಷೆಗಳಲ್ಲಿ ಮುಕ್ಕಾಲು ಪಾಲು ಯಾವ ಕಾರಿಗಾದರೂ ಸಲ್ಲುತ್ತವೆ.

ವೇಗದ ಕಾರಿನ ಪ್ರಕೃತಿಯೇ ಬೇರೆ. 2014ರಲ್ಲಿ ತಯಾರಿಕೆ ನಿಂತ ನಮ್ಮ ಹಳೆಯ ಅಂಬಾಸಿಡರನ್ನು ನೆನೆಯಿರಿ. ಹಿಂದೆ ಪಟ್ಟಿ ಸ್ಪ್ರಿಂಗುಗಳು, ಕೆಳಗೆ ಎತ್ತರದ ಟೈರುಗಳು. ಹಳ್ಳಕ್ಕೆ ಬಿದ್ದರೆ ಒಮ್ಮೆ ತೂಗಿ ಮುಂದೆ ಸಾಗುತ್ತಿತ್ತು. ಈಗ 2020ರಲ್ಲಿ 200 ಕಾರುಗಳಷ್ಟೇ ಭಾರತದಲ್ಲಿ ಮಾರಾಟಕ್ಕೆ ಬಂದ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 245 ಎಂಬುದನ್ನು ನೋಡಿ. 245 ಅಶ್ವಶಕ್ತಿ, 18 ಅಂಗುಲದ ಚಕ್ರ, ಅದಕ್ಕೆ 225/40 ಅಳತೆಯ ಟೈರು. ಈ ಅಂಕೆಗಳ ಅರ್ಥವೇನೆಂದರೆ, ಟೈರಿನ ಅಗಲ 225 ಮಿಲಿಮೀಟರು. ಅದರ ಪಕ್ಕೆಯ ಎತ್ತರ ಅಗಲದ ಶೇಕಡಾ 40, ಅಂದರೆ ಕೇವಲ 90 ಮಿಲಿಮೀಟರು. 205/55 ಅಳತೆಯ ಸಾಧಾರಣ ಟೈರಿನಲ್ಲಿ ಈ ಎತ್ತರ ಸುಮಾರು 113 ಮಿಲಿಮೀಟರು. ಕಡಮೆಯಾದದ್ದು ಬೆರಳಗಲಕ್ಕಿಂತ ತುಸು ಹೆಚ್ಚು, ಅಷ್ಟೆ. ಆದರೆ ರಸ್ತೆಗೂ ಲೋಹದ ಚಕ್ರಕ್ಕೂ ನಡುವೆ ಇರುವ ಗಾಳಿಯ ಹಾಸಿಗೆ ಅಷ್ಟರಮಟ್ಟಿಗೆ ತೆಳುವಾಯಿತು. ತಿರುವಿನಲ್ಲಿ ಕಾರು ಓಲಾಡದೆ ಹಿಡಿತದಲ್ಲಿರಬೇಕೆಂದು ಸ್ಪ್ರಿಂಗುಗಳನ್ನೂ ಬಿಗಿ ಮಾಡಿರುತ್ತಾರೆ. ಹೀಗಾಗಿ ಹೊಸದಾಗಿದ್ದಾಗಲೇ ಈ ಕಾರು ಸ್ವಲ್ಪ ಮಾತುಗಾರ. ಅದರ ಸಹಜವಾದ ಮಾತಾವುದು, ನೋವಿನ ನರಳಾಟವಾವುದು ಎಂದು ವಿಂಗಡಿಸುವುದೇ ನಮ್ಮ ಮುಂದಿರುವ ಸಮಸ್ಯೆ.

ನನ್ನ ಮಿತ್ರರೊಬ್ಬರು ಬ್ಯಾಂಕಿನ ಅಧಿಕಾರಿಗಳು. ಇಂಥದೇ ಬಗೆಯ, ಮುಂದಿನ ಚಕ್ರಗಳಿಂದ ಎಳೆಯುವ ವೇಗದ ಕಾರೊಂದನ್ನು ಎರಡನೆಯ ಕೈಯಲ್ಲಿ ಕೊಂಡರು. ಒಂದೆರಡು ತಿಂಗಳಲ್ಲಿ ಹಿಂಬದಿಯಿಂದ ಗುಂಯ್ ಎಂಬ ಸದ್ದು ಕೇಳತೊಡಗಿತು. ವೇಗ ಏರಿದಂತೆ ಸದ್ದೂ ಏರುತ್ತಿತ್ತು. ಒಂದು ಗ್ಯಾರೇಜಿನವರು ಟೈರು ಎಂದರು. ನಾಲ್ಕೂ ಟೈರುಗಳನ್ನು ಬದಲಾಯಿಸಿದ್ದಾಯಿತು. ಒಂದು ತಿಂಗಳ ಸಂಬಳ ಅಲ್ಲಿಗೆ ಮುಗಿಯಿತು. ಸದ್ದು ನಿಂತಿತು. ಮಿತ್ರರು ಕಾಫಿ ಕೊಡಿಸಿದರು. ಆರು ತಿಂಗಳು ಕಳೆಯುವಷ್ಟರಲ್ಲಿ ಅದೇ ಗುಂಯ್‌ಕಾರ ಮತ್ತೆ ಪ್ರತ್ಯಕ್ಷ! ಇನ್ನೊಬ್ಬರು ಹಿಂದಿನ ಚಕ್ರದ ಬೇರಿಂಗ್ ಎಂದರು. ಅದನ್ನೂ ಬದಲಾಯಿಸಿದರು, ಈ ಬಾರಿ ಸದ್ದು ಎಳ್ಳಷ್ಟೂ ತಗ್ಗಲಿಲ್ಲ.

ಇಲ್ಲಿ ಮೊದಲು ಹೇಳಿದವರ ಮಾತು ಸುಳ್ಳಾಗಿರಲಿಲ್ಲ. ಸದ್ದು ಮಾಡುತ್ತಿದ್ದುದು ಟೈರೇ. ಆದರೆ ಟೈರನ್ನು ಹಾಗೆ ಮಾಡಿದವರಾರು ಎಂಬ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಜ್ವರವು ರೋಗದ ಲಕ್ಷಣವೇ ಹೊರತು ರೋಗವಲ್ಲ ಎಂದು ವೈದ್ಯರು ಹೇಳುವುದುಂಟು. ಟೈರಿನ ಸದ್ದೂ ಹಾಗೆಯೇ.

ಇದರ ಮರ್ಮ ಹೀಗಿದೆ. ಶಾಕ್ ಅಬ್ಸಾರ್ಬರ್ ಎಂದು ನಾವು ಕರೆಯುವ ಸಾಧನಕ್ಕೆ ಆ ಹೆಸರು ಅಷ್ಟಾಗಿ ಒಪ್ಪುವುದಿಲ್ಲ. ಹಳ್ಳದ ಏಟನ್ನು ನುಂಗುವುದು ಸ್ಪ್ರಿಂಗು. ನುಂಗಿದ್ದನ್ನು ಸ್ಪ್ರಿಂಗು ಹಿಂದಕ್ಕೆ ಉಗುಳಿ ಕುಣಿಯತೊಡಗಿದಾಗ, ಆ ಕುಣಿತವನ್ನು ಎಣ್ಣೆಯ ಪ್ರತಿರೋಧದಿಂದ ಅಡಗಿಸಿ, ಅದರ ಶಕ್ತಿಯನ್ನು ಶಾಖವಾಗಿ ಹೊರಹಾಕುವುದು ಈ ಸಾಧನದ ಕೆಲಸ. ಅದು ಸವೆದಾಗ ಚಕ್ರವನ್ನು ನೆಲಕ್ಕೆ ಒತ್ತಿ ಹಿಡಿಯುವವರಿಲ್ಲ. ಚಕ್ರವು ಸೆಕೆಂಡಿಗೆ ಹತ್ತು ಹದಿನೈದು ಬಾರಿ ಸಣ್ಣಗೆ ಪುಟಿಯುತ್ತ ಓಡುತ್ತದೆ. ಮುಂದಿನ ಚಕ್ರಗಳಿಂದ ಎಳೆಯುವ ಕಾರಿನಲ್ಲಿ ಹಿಂಬದಿ ಹಗುರ. ಆದುದರಿಂದ ಅಲ್ಲಿ ಈ ಪುಟಿತ ಇನ್ನೂ ಸುಲಭ. ಪುಟಿದು ಬಿದ್ದಲ್ಲೆಲ್ಲ ರಬ್ಬರು ತುಸುತುಸುವೇ ಸವೆದು, ಟೈರಿನ ಸುತ್ತ ಪಡ್ಡಿನ ಹೆಂಚಿನಂತೆ ಗುಳಿಗಳು ಬೀಳುತ್ತವೆ.

ಈ ಗುಳಿಗಳು ಬೇರಿಂಗಿನಂತೆ ಏಕೆ ಕೂಗುತ್ತವೆ ಎಂಬುದನ್ನು ಸ್ವಲ್ಪ ಲೆಕ್ಕದಿಂದಲೇ ತಿಳಿಯಬಹುದು. ಮೇಲೆ ಹೇಳಿದ ಅಳತೆಯ ಟೈರಿನ ಸುತ್ತಳತೆ ಸುಮಾರು 2 ಮೀಟರು. ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 16.7 ಮೀಟರು ಸಾಗುತ್ತದೆ. ಅಂದರೆ ಚಕ್ರ ಎಂಟು ಸುತ್ತಿಗೂ ತುಸು ಹೆಚ್ಚು ತಿರುಗುತ್ತದೆ. ಟೈರಿನಲ್ಲಿ ಒಂದೇ ಒಂದು ಉಬ್ಬಿದ್ದರೆ ಸೆಕೆಂಡಿಗೆ ಎಂಟು ಬಡಿತ. ದುಬುದುಬು ಎಂದು ಎಣಿಸುವಂತೆ ಕೇಳುತ್ತದೆ. ಹತ್ತು ಗುಳಿಗಳಿದ್ದರೆ ಎಂಬತ್ತಕ್ಕೂ ಹೆಚ್ಚು ಬಡಿತಗಳು. ಅಷ್ಟನ್ನು ಕಿವಿ ಬಿಡಿಬಿಡಿಯಾಗಿ ಎಣಿಸಲಾರದು; ಎಲ್ಲವೂ ಕೂಡಿ ಒಂದೇ ಶ್ರುತಿಯಾಗಿ ಗುಂಯ್‌ಗುಡುತ್ತದೆ. ಸವೆದ ಬೇರಿಂಗಿನ ದನಿಯೂ ಇದನ್ನೇ ಹೋಲುವುದರಿಂದ ನುರಿತವರೂ ಮೋಸಹೋಗುತ್ತಾರೆ.

ಸದ್ದಿನ ಹೆಸರನ್ನು ಸರಿಯಾಗಿ ಹೇಳಿದರೆ ಅರ್ಧ ರೋಗ ತಿಳಿದಂತೆ. ಈ ವಿಷಯದಲ್ಲಿ ಕನ್ನಡಿಗರು ಭಾಗ್ಯವಂತರು. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಅನುಕರಣ ಶಬ್ದಗಳನ್ನೂ ಮರೆಯದೆ ವಿಚಾರಿಸಿದ್ದಾನೆ. ಅವನು ಮೋಟಾರು ಕಾರನ್ನು ಕಾಣಲಿಲ್ಲ. ಕಂಡಿದ್ದರೆ ಉದಾಹರಣೆಗಳಿಗೆ ಬರವಿರುತ್ತಿರಲಿಲ್ಲ. ಗುಂಯ್ ಎಂಬುದು ತಿರುಗುವ ವಸ್ತುವಿನ ದನಿ: ಟೈರು ಅಥವಾ ಬೇರಿಂಗು. ಟಕಟಕ ಎಂಬುದು ಸಡಿಲಗೊಂಡ ಸಣ್ಣ ಕೀಲಿನ ದನಿ. ಧಡ್ ಎಂದು ಒಮ್ಮೆ ಕೇಳಿದರೆ ರಬ್ಬರಿನ ಬುಷ್ ಹರಿದು ಲೋಹಕ್ಕೆ ಲೋಹ ತಾಗುತ್ತಿರಬಹುದು. ಕಿರ್ ಎಂದರೆ ಒಣಗಿದ ರಬ್ಬರು. ಗ್ಯಾರೇಜಿಗೆ ಹೋಗಿ “ಏನೋ ಸೌಂಡ್ ಬರ್ತಾ ಇದೆ, ನೋಡಪ್ಪಾ” ಎಂದರೆ ಮೇಸ್ತ್ರಿಗೆ ಏನೂ ತಿಳಿಯದು. “ಅರವತ್ತರ ಮೇಲೆ ಗುಂಯ್ ಅನ್ನುತ್ತೆ, ಹಿಂದಿನ ಎಡಗಡೆಯಿಂದ” ಎಂದರೆ ಅವನ ಮುಖದಲ್ಲಿ ಗೌರವ ಮೂಡುವುದನ್ನು ನೀವೇ ಕಾಣುವಿರಿ.

ಇನ್ನು ಪರೀಕ್ಷೆಗಳು. ಮೊದಲನೆಯದಕ್ಕೆ ಹಣ ಬೇಡ, ಉಪಕರಣ ಬೇಡ. ಬೆಂಗಳೂರಿನಲ್ಲಿ ವೈಟ್ ಟಾಪಿಂಗ್ ಎಂದು ಕರೆಯುವ ಕಾಂಕ್ರೀಟ್ ರಸ್ತೆಯಿಂದ ನುಣುಪಾದ ಡಾಂಬರಿನ ರಸ್ತೆಗೆ ಒಂದೇ ವೇಗದಲ್ಲಿ ಬನ್ನಿ. ರಸ್ತೆ ಬದಲಾದೊಡನೆ ಸದ್ದಿನ ಗುಣವೂ ಬದಲಾದರೆ ಸಂಶಯ ಟೈರಿನ ಮೇಲೆ. ರಸ್ತೆ ಯಾವುದಾದರೂ ಅದೇ ರಾಗವಾದರೆ ಬೇರಿಂಗಿನ ಮೇಲೆ. ಎರಡನೆಯದಾಗಿ, ಆಕ್ಸಿಲರೇಟರಿನಿಂದ ಕಾಲು ತೆಗೆದು ನೋಡಿ. ಎಂಜಿನ್ನಿನ ಶ್ರಮ ಇಳಿದ ಮೇಲೂ ಸದ್ದು ಕಾರಿನ ವೇಗವನ್ನೇ ಅನುಸರಿಸಿ ನಿಧಾನವಾಗಿ ಇಳಿದರೆ ಎಂಜಿನ್ನು ನಿರಪರಾಧಿ. ಮೂರನೆಯದು, ವಾಹನಗಳಿಲ್ಲದ ಅಗಲವಾದ ರಸ್ತೆಯಲ್ಲಿ, ಮಿತವಾದ ವೇಗದಲ್ಲಿ, ಮೃದುವಾಗಿ ಎಡಕ್ಕೂ ಬಲಕ್ಕೂ ತಿರುಗಿಸುವುದು. ಬಲಕ್ಕೆ ತಿರುಗಿದಾಗ ಭಾರವೆಲ್ಲ ಎಡದ ಚಕ್ರಗಳ ಮೇಲೆ ಬೀಳುತ್ತದೆ. ಆಗ ಸದ್ದು ಹೆಚ್ಚಿದರೆ ಎಡದ ಬೇರಿಂಗನ್ನು, ಎಡಕ್ಕೆ ತಿರುಗಿದಾಗ ಹೆಚ್ಚಿದರೆ ಬಲದ ಬೇರಿಂಗನ್ನು ಮೊದಲು ಶಂಕಿಸಬೇಕು. ಇದೊಂದರಿಂದಲೇ ತೀರ್ಪು ಕೊಡಬಾರದು. ಸಾಕ್ಷಿಗಳಲ್ಲಿ ಇದೂ ಒಂದು.

ನಾಲ್ಕನೆಯದು ಟೈರು ಅಂಗಡಿಯಲ್ಲಿ ಮಾಡಿಸುವಂಥದು. ಮುಂದಿನ ಚಕ್ರಗಳನ್ನು ಹಿಂದಕ್ಕೂ ಹಿಂದಿನವನ್ನು ಮುಂದಕ್ಕೂ ಹಾಕಿಸಿ. ಸದ್ದು ಚಕ್ರದೊಡನೆ ಸ್ಥಳಾಂತರಗೊಂಡರೆ ಟೈರು. ಇದ್ದಲ್ಲೇ ಉಳಿದರೆ ಬೇರಿಂಗು. ಒಂದೇ ದಿಕ್ಕಿಗೆ ತಿರುಗಬೇಕೆಂದು ಪಕ್ಕೆಯ ಮೇಲೆ ಬಾಣದ ಗುರುತಿರುವ ಟೈರುಗಳನ್ನು ಅದೇ ಪಕ್ಕದಲ್ಲಿ ಮಾತ್ರ ಹಿಂದುಮುಂದು ಮಾಡಬೇಕು. ಕೆಲವು ವೇಗದ ಕಾರುಗಳಲ್ಲಿ ಹಿಂದಿನ ಟೈರು ಮುಂದಿನದಕ್ಕಿಂತ ಅಗಲವಾಗಿರುತ್ತದೆ. ಅಲ್ಲಿ ಈ ಪರೀಕ್ಷೆ ನಡೆಯದು. ಆಗ ಕಾರನ್ನು ಲಿಫ್ಟಿನ ಮೇಲೆ ಎತ್ತಿಸಿ, ಮೇಸ್ತ್ರಿಯು ಚಕ್ರವನ್ನು ಕೈಯಿಂದ ತಿರುಗಿಸುತ್ತ ಇನ್ನೊಂದು ಕೈಯ ಬೆರಳುಗಳನ್ನು ಸ್ಪ್ರಿಂಗಿನ ಮೇಲಿಡಬೇಕು. ಬೇರಿಂಗ್ ಕೆಟ್ಟಿದ್ದರೆ ಒರಳಿನಲ್ಲಿ ಮರಳು ತಿರುವಿದಂಥ ಕಂಪನ ಬೆರಳಿಗೆ ತಿಳಿಯುತ್ತದೆ. ಜ್ಯಾಕಿನ ಮೇಲಷ್ಟೇ ನಿಂತ ಕಾರಿನ ಕೆಳಗೆ ಮಾತ್ರ ಯಾರೂ ನುಸುಳಬಾರದು. ಜ್ಯಾಕು ಜಾರಿದರೆ ಪ್ರಾಣಕ್ಕೇ ಸಂಚಕಾರ.

ಟೈರೆಂದು ನಿಶ್ಚಯವಾಯಿತೆನ್ನಿ. ಕೊಳ್ಳಲು ಓಡುವ ಮುನ್ನ ಅದರ ಮೈಯನ್ನು ಓದಬೇಕು. ಅಂಗೈಯನ್ನು ಟೈರಿನ ಮೇಲೆ ಸುತ್ತಲೂ ಸವರಿ, ಆಮೇಲೆ ಒಳಗಿನಿಂದ ಹೊರಕ್ಕೂ ಹೊರಗಿನಿಂದ ಒಳಕ್ಕೂ ಅಡ್ಡಲಾಗಿ ಸವರಿ. ಎರಡೂ ಅಂಚು ಸವೆದು ನಡು ಉಳಿದಿದ್ದರೆ ಗಾಳಿ ಕಡಮೆ ಇಟ್ಟು ಓಡಿಸಿದ್ದಾರೆ. ನಡುವಷ್ಟೇ ಸವೆದಿದ್ದರೆ ಗಾಳಿ ಹೆಚ್ಚು. ಅಡ್ಡಲಾಗಿ ಸವರಿದಾಗ ಒಂದು ಕಡೆಗೆ ನುಣುಪು, ಮರಳಿ ಬರುವಾಗ ಗರಗಸದಂತೆ ಚುಚ್ಚಿದರೆ ಚಕ್ರಗಳು ನೇರವಾಗಿ ಓಡದೆ ಸೊಟ್ಟಗೆ ಉಜ್ಜುತ್ತ ಸಾಗಿವೆ, ಅಲೈನ್‌ಮೆಂಟ್ ತಪ್ಪಿದೆ. ಒಳ ಅಂಚು ಮಾತ್ರ ಸವೆದಿದ್ದರೆ ಚಕ್ರದ ಓರೆಯನ್ನೂ ನೋಡಿಸಬೇಕು. ಗುಳಿಗಳಿದ್ದರೆ ಶಾಕ್ ಅಬ್ಸಾರ್ಬರನ್ನೂ ಚಕ್ರದ ಸಮತೋಲವನ್ನೂ ಪರೀಕ್ಷಿಸಬೇಕು. ಒಳ ಅಂಚು ಹೊರಗೆ ನಿಂತವರ ಕಣ್ಣಿಗೆ ಬೀಳದು. ಎರಡನೆಯ ಕೈಯ ಕಾರು ಕೊಳ್ಳುವವರು ಬಗ್ಗಿ ನೋಡಲು ನಾಚಬಾರದು. ಟೈರಿನ ವಯಸ್ಸೂ ಅದರ ಪಕ್ಕೆಯ ಮೇಲೆಯೇ ಇದೆ. 2319 ಎಂಬ ನಾಲ್ಕು ಅಂಕೆಗಳಿದ್ದರೆ ಅದು 2019ರ 23ನೆಯ ವಾರದಲ್ಲಿ ಹುಟ್ಟಿದ್ದು. ರಬ್ಬರು ವಯಸ್ಸಾದಂತೆ ಗಡುಸಾಗುತ್ತದೆ, ಗಡುಸಾದಂತೆ ಗದ್ದಲವೂ ಹೆಚ್ಚು. ಸವೆತ ಗೀರುಗಳ ನಡುವಿನ ಪುಟ್ಟ ದಿಣ್ಣೆಗಳ ಮಟ್ಟಕ್ಕೆ ಬಂದರೆ ಉಳಿದ ಆಳ 1.6 ಮಿಲಿಮೀಟರು ಮಾತ್ರ. ಮಳೆಗಾಲಕ್ಕೆ ಅಂಥ ಟೈರನ್ನು ನಂಬುವಂತಿಲ್ಲ.

ಗುಂಯ್‌ಕಾರದ ಕಥೆ ಇಷ್ಟು. ಟಕಟಕದ ಕಥೆ ಬೇರೆ. ಕಾರಿನ ಎಡಬಲ ಚಕ್ರಗಳನ್ನು ಒಂದು ಕಂಬಿ ಜೋಡಿಸಿರುತ್ತದೆ. ತಿರುವಿನಲ್ಲಿ ಕಾರು ಒಂದು ಪಕ್ಕಕ್ಕೆ ವಾಲದಂತೆ ಅದು ತಡೆಯುತ್ತದೆ. ಆ ಕಂಬಿಯ ತುದಿಗಳಲ್ಲಿರುವ ಸಣ್ಣ ಕೀಲುಗಳನ್ನು ಗ್ಯಾರೇಜಿನವರು ಲಿಂಕ್ ರಾಡ್ ಎನ್ನುತ್ತಾರೆ. ಇವು ಸವೆದಿವೆಯೋ ಎಂದು ತಿಳಿಯಲು ನಮ್ಮ ಊರುಗಳ ರಸ್ತೆಯುಬ್ಬುಗಳೇ ಪ್ರಯೋಗಶಾಲೆ. ಎರಡು ಚಕ್ರಗಳೂ ಒಟ್ಟಿಗೆ ಉಬ್ಬನ್ನು ಹತ್ತಿದಾಗ ಕಂಬಿ ತಿರುಚಿಕೊಳ್ಳುವುದಿಲ್ಲ. ಆದುದರಿಂದ ಕೀಲು ಮೌನ. ಒಂದೇ ಚಕ್ರ ಹಳ್ಳಕ್ಕಿಳಿದಾಗ ಕಂಬಿ ತಿರುಚಿ ಕೀಲು ಟಕ್ ಎನ್ನುತ್ತದೆ. ಹೀಗಾದರೆ ಮೊದಲು ಲಿಂಕ್ ರಾಡನ್ನು ನೋಡಿಸಿ. ಸಸ್ಪೆನ್ಶನ್ನಿನಲ್ಲಿ ಕಡಮೆ ಖರ್ಚಿನ ದುರಸ್ತಿಗಳಲ್ಲಿ ಇದೊಂದು. ಬ್ರೇಕ್ ಒತ್ತಿದಾಗಲೋ ಬಿಟ್ಟಾಗಲೋ ಧಡ್ ಎಂದರೆ ಚಕ್ರವನ್ನು ಹಿಡಿದಿರುವ ಕೆಳತೋಳಿನ ಬುಷ್ ಹರಿದಿರಬಹುದು. ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದಾಗ ತಂತಿ ಮೀಟಿದಂಥ ದನಿ ಕೇಳಿದರೆ ಮುಂದಿನ ಸ್ಪ್ರಿಂಗಿನ ನೆತ್ತಿಯಲ್ಲಿರುವ ಪೀಠವನ್ನು ನೋಡಿಸಬೇಕು.

ಕಾರಿನ ಮೂಲೆಯನ್ನು ಅದುಮಿ ಬಿಟ್ಟು, ಎಷ್ಟು ಬಾರಿ ತೂಗುತ್ತದೆಂದು ಎಣಿಸುವ ಹಳೆಯ ಪರೀಕ್ಷೆಯೊಂದಿದೆ. ಹಳೆಯ ಮೆತ್ತನೆಯ ಕಾರುಗಳಿಗೆ ಅದು ಸರಿ. ಬಿಗಿಯಾದ ಸ್ಪ್ರಿಂಗಿನ ವೇಗದ ಕಾರನ್ನು ಅದುಮುವುದೇ ಕಷ್ಟ. ಶಾಕ್ ಅಬ್ಸಾರ್ಬರ್ ಅರ್ಧ ಸತ್ತಿದ್ದರೂ ಅದು ಈ ಪರೀಕ್ಷೆಯಲ್ಲಿ ತೇರ್ಗಡೆಯಾಗಿಬಿಡುತ್ತದೆ. ಅದರ ಮೈಮೇಲೆ ಎಣ್ಣೆಯ ತೆಳುವಾದ ಪಸೆ ಇದ್ದ ಮಾತ್ರಕ್ಕೆ ಗಾಬರಿ ಬೇಡ. ಎಣ್ಣೆ ಇಳಿದು ಧೂಳು ಮೆತ್ತಿಕೊಂಡು ಕೆಸರಾಗಿದ್ದರೆ ಅದರ ಆಯುಸ್ಸು ತೀರಿತೆಂದು ತಿಳಿಯಬೇಕು. ಬದಲಾಯಿಸುವಾಗ ಎಡಬಲ ಎರಡನ್ನೂ ಒಟ್ಟಿಗೇ ಬದಲಾಯಿಸಬೇಕು. ಒಂದು ಹೊಸದು, ಒಂದು ಹಳೆಯದಾದರೆ ಕಾರಿನ ನಡೆ ಕುಂಟುತ್ತದೆ.

ಮಿತ್ರರ ಕಾರಿನ ಗುಟ್ಟನ್ನು ಕೊನೆಗೆ ಬಿಡಿಸಿದವನು ವಯಸ್ಸಾದ ಒಬ್ಬ ಮೇಸ್ತ್ರಿ. ಅವನು ಮೊದಲು ಹೊಸ ಟೈರುಗಳ ಮೇಲೆ ಕೈಯಾಡಿಸಿದ. “ಯಜಮಾನ್ರೇ, ಟೈರಿನ ತಪ್ಪಲ್ಲ ಇದು. ಟೈರು ತಿನ್ನೋನು ಒಳಗೆ ಕೂತವನೆ” ಎಂದ. ಕಾರನ್ನೆತ್ತಿ ಹಿಂದಿನ ತೋಳುಗಳ ನಡುವೆ ಸಣ್ಣ ಹಾರೆಯಿಟ್ಟು ಮೀಟಿದಾಗ ಎರಡು ಬುಷ್‌ಗಳು ಬಾಯಿ ಬಿಟ್ಟವು. ಶಾಕ್ ಅಬ್ಸಾರ್ಬರುಗಳೂ ಸೋತಿದ್ದವು. ಬುಷ್ ಹರಿದುದರಿಂದ ಚಕ್ರ ದಿಕ್ಕು ತಪ್ಪಿ ಉಜ್ಜುತ್ತಿತ್ತು. ಶಾಕ್ ಅಬ್ಸಾರ್ಬರ್ ಸೋತುದರಿಂದ ಪುಟಿಯುತ್ತಿತ್ತು. ಹೊಸ ಟೈರುಗಳನ್ನು ಕೊಂಡದ್ದು ಈ ಇಬ್ಬರಿಗೆ ಹೊಸದಾಗಿ ಊಟ ಬಡಿಸಿದಂತಾಗಿತ್ತು.

ಆ ಮೇಸ್ತ್ರಿ ಮಾಡಿದ ಇನ್ನೊಂದು ಕೆಲಸವನ್ನು ವಾಚಕರು ಗಮನಿಸಬೇಕು. ಹೊಸ ಬುಷ್‌ಗಳನ್ನು ಕೂಡಿಸಿದ ಮೇಲೆ ಬೋಲ್ಟುಗಳನ್ನು ಕಾರು ಮೇಲಿದ್ದಾಗಲೇ ಪೂರ್ತಿ ಬಿಗಿಯಲಿಲ್ಲ. ಚಕ್ರಗಳ ಮೇಲೆ ಭಾರ ಬಂದು, ಕಾರು ತನ್ನ ಸಹಜವಾದ ಎತ್ತರಕ್ಕೆ ಕುಳಿತ ಮೇಲೆ ಬಿಗಿದ. ಲೋಹಕ್ಕೆ ಅಂಟಿಕೊಂಡಿರುವ ರಬ್ಬರು ಬಿಗಿದ ಸ್ಥಿತಿಯನ್ನೇ ತನ್ನ ವಿಶ್ರಾಂತಿಯ ಸ್ಥಿತಿ ಎಂದು ತಿಳಿಯುತ್ತದೆ. ತೂಗಾಡುತ್ತಿರುವಾಗ ಬಿಗಿದರೆ, ಕಾರು ನೆಲಕ್ಕಿಳಿದ ಕ್ಷಣದಿಂದ ಹಗಲೂ ಇರುಳೂ ಅದು ತಿರುಚಿಕೊಂಡೇ ಇರಬೇಕಾಗುತ್ತದೆ, ಬೇಗನೆ ಹರಿಯುತ್ತದೆ. ಎಲ್ಲ ಮುಗಿದ ಮೇಲೆ ನಾಲ್ಕು ಚಕ್ರಗಳ ಅಲೈನ್‌ಮೆಂಟ್ ಆಯಿತು. ಗುಳಿಬಿದ್ದ ಟೈರುಗಳನ್ನು ಬದಲಾಯಿಸಿದ್ದು ಕಟ್ಟಕಡೆಗೆ. ಬುಷ್ ಮತ್ತು ಕೀಲು, ಬಳಿಕ ಶಾಕ್ ಅಬ್ಸಾರ್ಬರ್, ಬಳಿಕ ಅಲೈನ್‌ಮೆಂಟ್ ಮತ್ತು ಟೈರು: ಈ ಅನುಕ್ರಮವನ್ನು ತಲೆಕೆಳಗು ಮಾಡಿದವರು ಎರಡು ಬಾರಿ ಹಣ ತೆರುತ್ತಾರೆ.

ಹಣದ ಮಾತು ಹಾಗಿರಲಿ. ಆ ಕಾರಿನಲ್ಲಿ ಮಿತ್ರರು ಹೆಂಡತಿ ಮಕ್ಕಳೊಡನೆ ಆಷಾಢದ ಮಳೆಯಲ್ಲಿ ಚಾರ್ಮಾಡಿ ಘಾಟಿಯನ್ನು ಇಳಿದು ಧರ್ಮಸ್ಥಳಕ್ಕೆ ಹೋಗಿಬಂದಿದ್ದರು. ಒಂದೊಂದು ಟೈರು ರಸ್ತೆಯನ್ನು ಮುಟ್ಟುವ ಜಾಗ ಹೆಚ್ಚೆಂದರೆ ಒಂದು ಅಂಗೈಯಗಲ. ಅಂಥ ನಾಲ್ಕು ಅಂಗೈಗಳ ಮೇಲೆ ಇಡೀ ಸಂಸಾರ ಕುಳಿತಿರುತ್ತದೆ. ಚಕ್ರ ಪುಟಿದಾಗ ಆ ಅಂಗೈ ನೆಲವನ್ನು ಬಿಟ್ಟಿರುತ್ತದೆ, ಅಥವಾ ಹಗುರವಾಗಿ ಸವರುತ್ತಿರುತ್ತದೆ. ಆ ಕ್ಷಣದಲ್ಲಿ ಬ್ರೇಕ್ ಒತ್ತಿದರೆ ಕಾರು ನಿಲ್ಲಬೇಕಾದಲ್ಲಿ ನಿಲ್ಲದು. ಎಂಥ ಉತ್ತಮ ಬ್ರೇಕಾದರೂ ನೆಲವನ್ನು ಮುಟ್ಟದ ಚಕ್ರದಿಂದ ಕಾರನ್ನು ನಿಲ್ಲಿಸಲಾರದು. ವೇಗದ ಕಾರಿನ ಒಡೆಯನಿಗೆ ಅದರ ವೇಗದಲ್ಲಿರುವ ವಿಶ್ವಾಸವೇ ಇಲ್ಲಿ ಅಪಾಯದ ಮೂಲ. ಸದ್ದು ಹೆಚ್ಚಾಯಿತೆಂದು ರೇಡಿಯೋದ ದನಿಯನ್ನು ಏರಿಸುವವರು ಇದನ್ನು ಒಮ್ಮೆ ಯೋಚಿಸಬೇಕು.

ಕಡೆಯದಾಗಿ ಮನೆಮಂದಿಗೆ ಒಂದು ಕೆಲಸ. ಸದ್ದು ದಿನದಿನಕ್ಕೂ ಎಳ್ಳುಕಾಳಿನಷ್ಟು ಬೆಳೆಯುವುದರಿಂದ ನಿತ್ಯ ಓಡಿಸುವವನ ಕಿವಿ ಅದಕ್ಕೆ ಒಗ್ಗಿಹೋಗಿರುತ್ತದೆ. ಹಿಂದಿನ ಸೀಟಿನಲ್ಲಿ ಕುಳಿತವರಿಗೆ, ಅದರಲ್ಲೂ ಮಕ್ಕಳಿಗೆ, ಅದು ಮೊದಲು ತಿಳಿಯುತ್ತದೆ. ಬರುವ ಭಾನುವಾರ ರೇಡಿಯೋ ಆರಿಸಿ, ಗಾಜು ಏರಿಸಿ, ಹತ್ತು ನಿಮಿಷ ಮಾತಿಲ್ಲದೆ ಒಂದು ಸುತ್ತು ಹೋಗಿಬನ್ನಿ. ಯಾವ ವೇಗದಲ್ಲಿ, ಯಾವ ಮೂಲೆಯಿಂದ, ಎಂಥ ಸದ್ದು ಎಂದು ಮಕ್ಕಳು ಚೀಟಿಯಲ್ಲಿ ಬರೆಯಲಿ. ಸೋಮವಾರ ಬೆಳಗ್ಗೆ ಆ ಚೀಟಿಯನ್ನು ಮೇಸ್ತ್ರಿಯ ಕೈಗೆ ಕೊಡಿ, ಯಾವ ಭಾಗವನ್ನಾದರೂ ಬದಲಾಯಿಸಬೇಕೆಂದು ಅವನು ಹೇಳಿದರೆ, “ಅದು ಕೆಟ್ಟದ್ದು ಯಾತರಿಂದ?” ಎಂದು ಒಂದೇ ಒಂದು ಪ್ರಶ್ನೆ ಕೇಳಿ. ಉತ್ತರ ಹೇಳಬಲ್ಲವನಾದರೆ ಕೆಲಸವನ್ನು ಅವನಿಗೇ ಒಪ್ಪಿಸಿ.